ವಯಸ್ಸಾದವರ ಮನೆ ಮೊದಲು

ಕೊನೆಯ ಕೆಲವು ವರ್ಷ ಅವರು ಎಲ್ಲಿಗೆ ಹೋದರೂ ತಮ್ಮ ಪರಿಚಯವನ್ನು ಒಂದೇ ರೀತಿ ಹೇಳಿಕೊಳ್ಳುತ್ತಿದ್ದರು: "ನಾನು ನಮ್ಮ ವಾರ್ಡಿನ ಸೋತ ಅಭ್ಯರ್ಥಿ."

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಜೀವಮಾನವಿಡೀ ದುಡಿದ ಹೆಣ್ಣುಮಗಳು. ನಿವೃತ್ತ ಅಧಿಕಾರಿ ಎಂದು ಹೇಳಿಕೊಳ್ಳಬಹುದಿತ್ತು, ಹೇಳಿಕೊಳ್ಳಲಿಲ್ಲ. ತಿರುವನಂತಪುರದ ಒಂದು ಕಚೇರಿಯಲ್ಲಿ ಗುಮಾಸ್ತ ತಲೆಯೆತ್ತಿ, "ಹಾಗಾದರೆ ಗೆದ್ದವರು ಬರಲಿ" ಅಂದ. ಇವರು, "ಗೆದ್ದವರಿಗೆ ಪುರುಸೊತ್ತಿಲ್ಲ ಮಾರಾಯ. ಸೋತವರಿಗೆ ಬೇರೆ ಕೆಲಸ ಏನಿದೆ?" ಎಂದು ಮಲಯಾಳದಲ್ಲಿ ಹೇಳಿ ಎದುರಿನ ಬೆಂಚಿನ ಮೇಲೆ ಕೂತರು. ಊಟದ ಬಿಡುವಿನಲ್ಲೂ ಏಳಲಿಲ್ಲ. ಕಚೇರಿ ಮುಚ್ಚುವ ಮುಂಚೆ ಕಡತ ಹೊರಗೆ ಬಂತು.

ಅವರು ತೀರಿಕೊಂಡ ಮೇಲೆ ನಮ್ಮ ಕಚೇರಿಯ ನಿವೃತ್ತರು ಸೇರಿ ತರುವ ಪತ್ರಿಕೆಗೆ ಒಂದು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಹುಟ್ಟು, ಸೇವೆ, ನಿವೃತ್ತಿ, ಸಾವು ಎಂದು ಒಂದು ಪುಟ ಬರೆದು ಕೊಟ್ಟೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದರಲ್ಲಿ ಅವರೂ ಇರಲಿಲ್ಲ.

ಅವರು ಮಂಜೇಶ್ವರದ ಕಡೆಯವರು. ನಾನು ಮೈಸೂರಿನವನು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ನಮ್ಮ ಕಚೇರಿಯಲ್ಲಿ ಕನ್ನಡ ಮಾತಾಡುವವರು ಇಬ್ಬರೇ. ನಾನು ಸೆಕ್ಷನ್ನಿನ ಮುಖ್ಯಸ್ಥ, ಅವರು ನನ್ನ ಕೆಳಗೆ. ನನ್ನ ಸೆಕ್ಷನ್ನಿನಲ್ಲಿ ತಡವಾಗಿ ಬರುವಂತಿಲ್ಲ, ಮೇಜಿನ ಮೇಲೆ ಕಡತ ಬಿಟ್ಟು ಹೋಗುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆಗದ ತಾರೀಕನ್ನು ಬರೆಯುವಂತಿಲ್ಲ. ಯಾವ ಪತ್ರಕ್ಕೂ "ಶೀಘ್ರದಲ್ಲೇ" ಎಂಬ ಉತ್ತರ ನನ್ನ ಸಹಿಯಲ್ಲಿ ಹೋಗಿಲ್ಲ. ಉಳಿದವರು ಇದನ್ನು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಇವರು ನನ್ನ ಮುಖದ ಎದುರೇ ಆಡಿಕೊಂಡು ಹಾಗೆಯೇ ಪಾಲಿಸುತ್ತಿದ್ದರು. "ಸಾರ್, ನಿಮ್ಮ ಹತ್ರ ಯಮ ಬಂದ್ರೂ ತಾರೀಕು ಸರಿ ಉಂಟಾ ಅಂತ ಕೇಳ್ತೀರಿ."

ಮದುವೆಯಾಗಿರಲಿಲ್ಲ. ದ್ವೀಪದಿಂದ ದೋಣಿ ದಾಟಿದರೆ ಸಿಗುವ ಪಶ್ಚಿಮ ಕೊಚ್ಚಿಯ ಒಂದು ವಾರ್ಡಿನಲ್ಲಿ, ಎರಡನೆಯ ಮಹಡಿಯ ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದರು. ಆ ವಾರ್ಡಿನ ಬೆನ್ನಿಗೆ ಒಂದು ತೋಡು, ಅಂದರೆ ಸಣ್ಣ ಕಾಲುವೆ. ತೋಡು ಕಾಯಲಿಗೆ, ಎಂದರೆ ಹಿನ್ನೀರಿಗೆ, ಸೇರುತ್ತದೆ, ಕಾಯಲು ಸಮುದ್ರಕ್ಕೆ. ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರದಲ್ಲಿ ನೀರು ಹಿಂದಕ್ಕೆ ನುಗ್ಗಿ ತೋಡಿನ ಅಂಚಿನ ಮನೆಗಳ ಒಳಗೆ ಬರುತ್ತದೆ. ಮಳೆಗಾಲಕ್ಕಿಂತ ಚಳಿಗಾಲದಲ್ಲೇ ಹೆಚ್ಚು. ಆಕಾಶದಲ್ಲಿ ಒಂದು ಮೋಡವಿರುವುದಿಲ್ಲ, ಅಡುಗೆಮನೆಯಲ್ಲಿ ಮೊಣಕಾಲಿನಷ್ಟು ನೀರು. ತೋಡಿನ ಬಾಯಿಗೆ ಒಂದು ಶಟರ್ ಕೂರಿಸಿ, ಉಬ್ಬರದ ಹೊತ್ತಿಗೆ ಇಳಿಸಿದರೆ ನೀರು ನಿಲ್ಲುತ್ತದೆ. ಇದು ಅಲ್ಲಿನ ಎಲ್ಲರಿಗೂ ಗೊತ್ತಿತ್ತು. ನಿವೃತ್ತರಾದ ಮೇಲೆ ಅವರು ಕಾರ್ಪೊರೇಷನ್ ಚುನಾವಣೆಗೆ ನಿಂತದ್ದು ಆ ಶಟರ್‌ಗಾಗಿ.

ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಲೇನಿನ ಜನ ಬಂದು ನಿಲ್ಲಿ ಅಂದರು. ಪಕ್ಷವಿಲ್ಲದೆ ನಿಂತರು. ಚಿಹ್ನೆ ಬಕೆಟ್ ಸಿಕ್ಕಿತು. "ಒಳ್ಳೇದಾಯ್ತು. ಸೋತ್ರೂ ನೀರು ತೋಡಿ ಹಾಕ್ಲಿಕ್ಕೆ ಆಗ್ತದೆ" ಎಂದು ನಕ್ಕರು. ನಾನು ಬೇರೆ ವಾರ್ಡಿನವನು, ನನಗೆ ಅಲ್ಲಿ ವೋಟಿರಲಿಲ್ಲ. ಬೆಳಗಿನ ನಡಿಗೆಯನ್ನು ಅವರ ಲೇನಿಗೆ ಬದಲಾಯಿಸಿಕೊಂಡೆ, ಅಷ್ಟೇ.

ಚರ್ಚಿನ ಹಾಲಿನಲ್ಲಿ ನಡೆದ ಸಭೆಯಲ್ಲಿ ನಾನಿದ್ದೆ. ಹಿಂದಿನ ದಿನ ಅದೇ ಹಾಲಿನಲ್ಲಿ ಎದುರಾಳಿ, ಈಗಷ್ಟೇ ಓದು ಮುಗಿಸಿದ ಹುಡುಗಿ, ಆರು ತಿಂಗಳಲ್ಲಿ ಶಟರ್ ತರುತ್ತೇನೆ ಎಂದಿದ್ದಳು. ಯಾರೋ ಹಿಂದಿನಿಂದ ಕೇಳಿದರು, "ಚೇಚಿ, ನಿಮ್ಮದು ಎಷ್ಟು?"

ಅವರು ಎದ್ದು ನಿಂತು ಕಡತಕ್ಕೆ ಉತ್ತರ ಬರೆಯುವಂತೆ ಹೇಳತೊಡಗಿದರು. ತೋಡಿನ ಬಾಯಿ ಒಂದು ಇಲಾಖೆಯದು, ದಡ ಇನ್ನೊಂದರದು, ಅನುಮತಿ ತಿರುವನಂತಪುರದಿಂದ ಬರಬೇಕು, ಆಮೇಲೆ ಟೆಂಡರ್. "ಎರಡು ವರ್ಷ. ಅದಕ್ಕಿಂತ ಮೊದಲು ಆಗುವುದಿಲ್ಲ. ಕೌನ್ಸಿಲರ್ ಒಬ್ಬಳ ಕೈಯಲ್ಲಿ ಇಲ್ಲ." ಪಕ್ಕದಲ್ಲಿದ್ದ ಕಾರ್ಯಕರ್ತೆ ಅವರ ಸೆರಗು ಜಗ್ಗಿದಳು.

ಹೊರಗೆ ಬಂದಾಗ ಹೇಳಿದೆ, "ಒಂದು ವರ್ಷ ಅಂದಿದ್ದರೆ ಆಗುತ್ತಿತ್ತಲ್ಲಮ್ಮ?"

"ಆಗದ ತಾರೀಕು ಬರೀಬಾರ್ದು ಅಂತ ಕಲಿಸಿದ್ದೇ ನೀವು. ಈಗ ಕಡಿಮೆ ಮಾಡಿ ಅಂದ್ರೆ ಹೇಗೆ ಸಾರ್?"

ಸೋತರು. ಸೋಲು ದೊಡ್ಡದಲ್ಲ. ಆದರೆ ಎಣಿಕೆ ಬೂತಿನ ಪ್ರಕಾರ ನಡೆಯುತ್ತದೆ, ಅದು ಎಲ್ಲರಿಗೂ ತಿಳಿಯುತ್ತದೆ. ಅವರ ಸ್ವಂತ ಲೇನಿನ ಬೂತಿನಲ್ಲೇ ಅವರು ಹಿಂದೆ ಬಿದ್ದಿದ್ದರು. ಹಾಲು ತಂದುಕೊಟ್ಟವರು, ಸೆರಗಿನಲ್ಲಿ ಕರಿಬೇವು ಕಟ್ಟಿಕೊಂಡು ತಂದವರು, ಇವರು ಮಕ್ಕಳ ಅರ್ಜಿ ಬರೆದುಕೊಟ್ಟ ಮನೆಗಳವರು ಎಲ್ಲ ಅದೇ ಬೂತು.

ಇಲ್ಲಿ ಗೆದ್ದವರು ಹೂಮಾಲೆ ಹಾಕಿಕೊಂಡು ತೆರೆದ ಜೀಪಿನಲ್ಲಿ ನಿಂತು ವಾರ್ಡು ಸುತ್ತಿ ನಂದಿ, ಅಂದರೆ ಧನ್ಯವಾದ, ಹೇಳುವ ಪದ್ಧತಿ. ಸೋತವರು ಸಾಮಾನ್ಯವಾಗಿ ಕೆಲವು ದಿನ ಹೊರಗೆ ಕಾಣುವುದಿಲ್ಲ. ಇವರು ಮನೆಮನೆಗೆ ನಡೆದು ಹೋದರು. ಒಂದು ಭಾನುವಾರ ನಾನೂ ಜೊತೆಗಿದ್ದೆ. ಪ್ರತಿ ಮನೆಯಲ್ಲೂ ಹಾಲಿಲ್ಲದ ಕಟ್ಟನ್ ಚಾಯ, ಪ್ರತಿ ಮನೆಯಲ್ಲೂ ಒಂದೇ ಮಾತು: "ಚೇಚಿ, ನಮ್ಮ ಮನೆ ವೋಟು ಪೂರ್ತಿ ನಿಮಗೇ." ಗೇಟು ದಾಟಿದ ಮೇಲೆ ಅವರು ತಗ್ಗಿದ ದನಿಯಲ್ಲಿ ಅಂದರು, "ಹೀಗೆ ಹೋದ್ರೆ ನಾನು ಗೆದ್ದಿದ್ದೇನೆ ಸಾರ್. ಎಣಿಸಿದವರು ತಪ್ಪಿದ್ದಾರೆ." ನಗೆ ಬಂತು.

ಆ ವಾರಗಳಲ್ಲಿ ಅವರು ಜನರ ಮುಖ ನೋಡುವುದನ್ನು ಬಿಟ್ಟಿದ್ದರು. ಕಣ್ಣು ಎಡಗೈಯ ತೋರುಬೆರಳಿಗೆ ಹೋಗುತ್ತಿತ್ತು. ಮೀನಿನವಳು ಮೀನು ತೂಗುವಾಗ, ಕಂಡಕ್ಟರ್ ಚಿಲ್ಲರೆ ಕೊಡುವಾಗ, ಉಗುರಿನ ಬುಡದ ಆ ಕಪ್ಪು ಗೆರೆಯನ್ನು ನೋಡುತ್ತ ನಿಂತುಬಿಡುತ್ತಿದ್ದರು. ಉಗುರು ಬೆಳೆದಂತೆ ಗೆರೆ ಮೇಲೇರುತ್ತದೆ. "ಇದು ಕತ್ತರಿಸಿ ಹೋಗುವ ತನಕ ನನಗೆ ಸಮಾಧಾನ ಇಲ್ಲ" ಎಂದಿದ್ದರು. ಎಲ್ಲರ ಉಗುರೂ ಶುಭ್ರವಾಯಿತು. ಸಮಾಧಾನ ಬಂದಂತೆ ಕಾಣಲಿಲ್ಲ. ಅಷ್ಟರಲ್ಲಿ ಇನ್ನೊಂದು ಗೀಳು ಹಿಡಿದುಕೊಂಡಿತ್ತು.

ಅದೇ ಭಾನುವಾರ, ಲೇನಿನ ತುದಿಯಲ್ಲಿ, ತೋಡಿಗೆ ಅಂಟಿಕೊಂಡ ಕೊನೆಯ ಮನೆ. ಅಲ್ಲಿ ತುಂಬ ವಯಸ್ಸಾದ ಒಬ್ಬ ಅಮ್ಮಚ್ಚಿ ಒಬ್ಬರೇ ಇದ್ದರು. ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ, ಫ್ರಿಜ್ಜು ಮೇಜಿನ ಮೇಲೆ, ಗೋಡೆಯ ಬಣ್ಣ ಸೊಂಟದೆತ್ತರದವರೆಗೆ ಸಿಪ್ಪೆ ಸಿಪ್ಪೆಯಾಗಿ ಬಿಟ್ಟಿತ್ತು. ಮಾತೆಲ್ಲ ಮಲಯಾಳದಲ್ಲೇ ನಡೆಯಿತು. ಅಮ್ಮಚ್ಚಿ ಇವರನ್ನು ಮೋಳೇ, ಅಂದರೆ ಮಗಳೇ, ಎಂದು ಕರೆದರು.

"ಮೋಳೇ, ಕೂತುಕೋ. ನಾನು ನಿನಗೆ ಹಾಕಲಿಲ್ಲ."

ಅಷ್ಟು ಮನೆಗಳಲ್ಲಿ ನಿಜ ಕೇಳಿದ್ದು ಅದೊಂದೇ. ಇವರು ಮಂಚದ ತುದಿಯಲ್ಲಿ ಕೂತರು. "ಯಾಕೆ ಅಮ್ಮಚ್ಚಿ?"

"ನೀನು ಎರಡು ವರ್ಷ ಅಂದೆ. ಆ ಹುಡುಗಿ ಆರು ತಿಂಗಳು ಅಂದಳು."

"ಅವಳು ಹೇಳಿದ್ದು ಆಗುವುದಿಲ್ಲ."

"ಅದು ನನಗೆ ಗೊತ್ತಿಲ್ಲವಾ? ನಾನು ನೋಡದ ಚುನಾವಣೆಯಾ? ಆದರೆ ಅವಳ ಲೆಕ್ಕದಲ್ಲಿ ನಾನು ಇದ್ದೆ, ಮೋಳೇ. ನಿನ್ನ ಲೆಕ್ಕದಲ್ಲಿ ನಾನು ಇರಲಿಲ್ಲ."

ಆಮೇಲೆ ಅಮ್ಮಚ್ಚಿ ಇವರ ಬೆರಳು ಹಿಡಿದು ಗೋಡೆಗೆ ಒತ್ತಿ, "ನಾಲಿಗೆಗೆ ಹಚ್ಚಿ ನೋಡು" ಅಂದರು. ಹಚ್ಚಿ ನೋಡಿದರು. "ಉಪ್ಪಲ್ಲವಾ? ಗೋಡೆ ಕುಡಿದುಕೊಂಡಿದೆ. ನಾನೂ ಕುಡಿದುಕೊಂಡಿದ್ದೇನೆ."

ಅಂದಿನಿಂದ ಅದು ಅವರಿಗೆ ಅಭ್ಯಾಸವಾಯಿತು. ಯಾರ ಮನೆಗೆ ಹೋದರೂ ಬಾಗಿಲ ಪಕ್ಕದ ಗೋಡೆಯನ್ನು ಬೆರಳಿಂದ ಸವರಿ ಸದ್ದಿಲ್ಲದೆ ನಾಲಿಗೆಗೆ ಹಚ್ಚುತ್ತಿದ್ದರು. ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದೆ. ಅಲ್ಲಿಯೂ ಮಾಡಿದರು. ನನ್ನ ಹೆಂಡತಿ ನೋಡಿಯೂ ನೋಡದಂತೆ ಒಳಗೆ ಹೋದಳು.

ಹೊಸ ವರ್ಷದ ಹೊತ್ತಿಗೆ ಗೆದ್ದ ಹುಡುಗಿಯೇ ಅವರ ಮನೆಗೆ ಬಂದಳು. "ಆಂಟಿ, ಆರು ತಿಂಗಳು ಅಂದುಬಿಟ್ಟಿದ್ದೇನೆ. ಕಾಗದ ಎಲ್ಲಿಂದ ಶುರು ಮಾಡಬೇಕು ಎಂದೇ ಗೊತ್ತಿಲ್ಲ."

"ಮೊದಲು ಚಾಯ ಕುಡಿ. ಆಮೇಲೆ ಬೈತೇನೆ."

ಬೈಯಲಿಲ್ಲ. ಕಾಗದ ಬರೆದುಕೊಟ್ಟರು, ಹುಡುಗಿ ಸಹಿ ಹಾಕಿದಳು. ಅದನ್ನು ಹಿಡಿದು ತಿರುವನಂತಪುರಕ್ಕೆ ಓಡಾಡಿದ್ದು ಸೋತವರು. ಹಲವು ಸಲ ನಾನೂ ಹೋದೆ. ಬೆಳಗಿನ ರೈಲು, ನನ್ನ ಹೆಂಡತಿ ಕಟ್ಟಿದ ಚಪಾತಿ, ಸಂಜೆಯ ರೈಲಿಗೆ ವಾಪಸು. ಕೊಲ್ಲಂ ಹತ್ತಿರ ಹಳಿಯ ಪಕ್ಕದಲ್ಲಿ ಕಾಯಲು ಅಗಲವಾಗಿ ತೆರೆದುಕೊಳ್ಳುತ್ತದೆ. ಎಲ್ಲರೂ ಕಿಟಕಿಗೆ ಬರುತ್ತಾರೆ. ಅವರು ಅಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ನಿದ್ದೆಯಾ?" ಎಂದು ಒಮ್ಮೆ ಕೇಳಿದೆ.

"ಇಲ್ಲ ಸಾರ್. ಈಗ ಅಲ್ಲಿ ಎಷ್ಟು ಏರಿರಬಹುದು ಅಂತ."

ಮುಂದಿನ ಚಳಿಗಾಲದಲ್ಲಿ ಅಮ್ಮಚ್ಚಿ ತೀರಿಕೊಂಡರು. ಉಬ್ಬರದ ವಾರ. ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ನಾವು ಹೋಗುವ ಹೊತ್ತಿಗೆ ನೀರು ಮನೆಯೊಳಗಿತ್ತು. ಶವಪೆಟ್ಟಿಗೆಯನ್ನು ಎರಡು ಮೇಜು ಜೋಡಿಸಿ, ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಮೇಲಿಟ್ಟಿದ್ದರು. ಹೆಂಗಸರು ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ನೀರಿನಲ್ಲಿ ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಯಾರದೋ ರಬ್ಬರ್ ಚಪ್ಪಲಿಯೊಂದು ತೇಲಿ ಬಂದು ಮೇಜಿನ ಕಾಲಿಗೆ ತಾಗಿ, ತಿರುಗಿ, ಮತ್ತೆ ಬಂದು ತಾಗುತ್ತಿತ್ತು. ಪಾದ್ರಿ ಬರುವವರೆಗೂ ಇವರು ಪೆಟ್ಟಿಗೆಯ ತಲೆಯ ಬಳಿ ನಿಂತಿದ್ದರು. ಅಳಲಿಲ್ಲ. ಮತ್ತೆ ಮತ್ತೆ ಬಗ್ಗಿ ಆ ಚಪ್ಪಲಿಯನ್ನು ಕೈಯಿಂದ ದೂರ ತಳ್ಳುತ್ತಿದ್ದರು.

ಸ್ಮಶಾನದಿಂದ ಬರುವಾಗ ದಾರಿಯಲ್ಲಿ ಅಂದರು, "ಅವರು ಹೇಳಿದ್ದು ಸರಿ ಸಾರ್. ಇಲಾಖೆಗೆ ಎಷ್ಟು ಸಮಯ ಬೇಕು ಅಂತ ನಾನು ಲೆಕ್ಕ ಮಾಡಿದೆ. ಅಮ್ಮಚ್ಚಿಗೆ ಎಷ್ಟು ಉಳಿದಿದೆ ಅಂತ ಮಾಡಲಿಲ್ಲ."

ಆ ದಿನದಿಂದ ಅವರ ಕೆಲಸದ ಕ್ರಮ ಬದಲಾಯಿತು. ಶಟರ್ ತನ್ನ ಪಾಡಿಗೆ ಬರಲಿ, ಓಡಾಟ ನಿಲ್ಲಿಸುವುದಿಲ್ಲ. ಆದರೆ ಮೊದಲು ಮನೆಗಳ ನೆಲ ಎತ್ತರಿಸಬೇಕು. ತೋಡಿನಂಚಿನ ಜನ ಇದನ್ನು ಮುಂಚೆಯಿಂದ ಮಾಡಿಕೊಂಡು ಬಂದಿದ್ದರು, ಕೈಲಾದವರು ಮಾತ್ರ. ಒಡೆದ ಕಟ್ಟಡಗಳ ಕಲ್ಲುಚೂರು ತಂದು ನೆಲಕ್ಕೆ ಹಾಕಿ, ಗುದ್ದಿ, ಮೇಲೆ ಸಿಮೆಂಟು ಹಾಕುತ್ತಾರೆ. ನೆಲ ಏರುತ್ತದೆ, ಸೂರು ಏರುವುದಿಲ್ಲ. ಒಂದೆರಡು ಸಲ ಎತ್ತರಿಸಿದ ಮನೆಯಲ್ಲಿ ಬಾಗಿಲು ಎದೆಮಟ್ಟಕ್ಕೆ ಬಂದಿರುತ್ತದೆ, ಫ್ಯಾನು ಕೈಗೆ ಸಿಗುತ್ತದೆ. ನಾನು ಎತ್ತರದ ಆಳು, ಹಣೆ ಬಡಿಸಿಕೊಂಡೆ. "ಬಗ್ಗಿ ಸಾರ್, ಬಗ್ಗಿ. ಇಲ್ಲಿ ಎಲ್ರೂ ಬಗ್ಗಿಯೇ ಒಳಗೆ ಬರುದು. ವೋಟು ಕೇಳ್ಲಿಕ್ಕೆ ಬಂದವರೂ."

ಚರ್ಚಿನ ಯುವಕರು ಕಲ್ಲುಚೂರು ಹೊರಲು ಒಪ್ಪಿದರು. ಲಾರಿ ಲೇನಿನ ಬಾಯಿಯವರೆಗೆ ಮಾತ್ರ ಬರುತ್ತದೆ. ಆದ್ದರಿಂದ ಮೊದಲ ಮನೆಯಿಂದ ಶುರು ಮಾಡಿ ಸಾಲಾಗಿ ಹೋಗುವುದು ಸರಿ ಎಂದು ಆ ಯುವಕರೆಂದರು. ನಾನೂ ಅದನ್ನೇ ಹೇಳಿದೆ. ಯಾವ ಕೆಲಸವನ್ನೂ ಹತ್ತಿರದಿಂದ ದೂರಕ್ಕೆ ಮಾಡಬೇಕು.

"ಇಲ್ಲ" ಎಂದರು ಇವರು. "ವಯಸ್ಸಾದವರ ಮನೆ ಮೊದಲು. ಯಾರಿಗೆ ಹೆಚ್ಚು ವಯಸ್ಸೋ ಅವರದ್ದು. ಆಮೇಲೆ ಅವರಿಗಿಂತ ಕಿರಿಯರದ್ದು."

"ಅಡ್ಡಾದಿಡ್ಡಿ ಆಗುತ್ತಮ್ಮ. ತುದಿಗೆ ಹೋಗಬೇಕು, ನಡುವಿಗೆ ಬರಬೇಕು, ಮತ್ತೆ ತುದಿಗೆ ಹೊರಬೇಕು."

"ಹೊರುವ."

ಹಾಗೆಯೇ ನಡೆಯಿತು. ಬುಟ್ಟಿಗಳು ಒದ್ದೆ ಮನೆಗಳನ್ನು ದಾಟಿಕೊಂಡು ಮುಂದಿನ ಒದ್ದೆ ಮನೆಗೆ ಹೋಗುತ್ತಿದ್ದವು. ದಾಟಿಸಿಕೊಂಡ ಮನೆಗಳವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಬ್ಬ ತಾಯಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಲೇನಿನ ನಡುವೆ ಅಡ್ಡ ನಿಂತಳು. "ಇದಕ್ಕೆ ವೋಟಿಲ್ಲ ಎಂದು ಇದು ನೀರಿನಲ್ಲಿ ನಿಲ್ಲಬೇಕಾ ಚೇಚಿ?" ಇವರು ಮಗುವಿನ ಕಾಲನ್ನು ಕೈಯಲ್ಲಿ ಹಿಡಿದರು. "ಇದಕ್ಕೆ ಸಮಯ ಉಂಟು ಮೋಳೇ" ಎಂದರು. ತಾಯಿ ಆಮೇಲೆ ಅವರೊಡನೆ ಮಾತು ಬಿಟ್ಟಳು. ಅವಳ ಸಿಟ್ಟು ನ್ಯಾಯವಾದದ್ದು ಎಂದು ಇವರೇ ನನಗೆ ಹೇಳಿದರು. ಕ್ರಮ ಮಾತ್ರ ಬದಲಿಸಲಿಲ್ಲ.

ತಮಾಷೆಯೂ ಇತ್ತು. ಐವತ್ತೈದು ದಾಟಿಲ್ಲ ಎಂದು ಹೇಳಿಕೊಂಡು ತಲೆಗೆ ಬಣ್ಣ ಹಚ್ಚುತ್ತಿದ್ದ ಒಬ್ಬಾಕೆ, ತನಗೆ ಎಪ್ಪತ್ತಾಯಿತು ಎಂದು ಬಂದು ಕೂತರು. ಇವರು ಮುಖ ಗಂಭೀರ ಮಾಡಿಕೊಂಡು, "ನೋಡಿ ಸಾರ್, ವೋಟಿನಲ್ಲಿ ಸುಳ್ಳು ಹೇಳಿದವರು ಈಗ ಎಷ್ಟು ನಿಜ ಹೇಳ್ತಾರೆ" ಎಂದು ಕನ್ನಡದಲ್ಲಿ ನನಗೊಬ್ಬನಿಗೇ ಹೇಳಿದರು.

ಎರಡು ವರ್ಷ ಕಳೆಯಿತು. ಶಟರ್ ಬರಲಿಲ್ಲ. ಆದೇಶ ಬಂತು, ತೋಡಿನ ಬಾಯಲ್ಲಿ ಎರಡು ಕಾಂಕ್ರೀಟ್ ಕಂಬಗಳೂ ಎದ್ದವು. ನಡುವೆ ಇಳಿಯಬೇಕಾದ ಬಾಗಿಲು ಮಾತ್ರ ಇಲ್ಲ. ಇಂದಿಗೂ ಇಲ್ಲ. ಕಂಬಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತವೆ. ಅಲ್ಲಿ ನಿಂತು ಒಂದು ಸಲ ಅವರು ಹೇಳಿದ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. "ನಿಜ ಹೇಳಿ ಸೋತೆ ಅಂತ ನನಗೆ ಒಳಗೊಳಗೆ ಒಂದು ಹೆಮ್ಮೆ ಇತ್ತು ಸಾರ್. ನೋಡಿದ್ರೆ ನನ್ನದೂ ಸುಳ್ಳೇ. ಅವಳದು ಚಿಕ್ಕ ಸುಳ್ಳು, ನನ್ನದು ದೊಡ್ಡದು. ಅಷ್ಟೇ."

ಮುಂದಿನ ಚುನಾವಣೆ ಹತ್ತಿರ ಬಂದಾಗ ಬೇರೆ ಬೇರೆ ಪಕ್ಷದವರು ಅವರ ಮೆಟ್ಟಿಲು ಹತ್ತಿದರು. ಈ ಸಲ ಗೆಲುವು ಖಚಿತ ಎಂದರು. ಖಚಿತವೇ ಇತ್ತು. "ಗೆದ್ರೆ ಮೀಟಿಂಗಿಗೆ ಹೋಗಿ ಕೂತ್ಕೊಳ್ಬೇಕು. ನನ್ನ ಹತ್ರ ಅಷ್ಟು ಹೊತ್ತು ಇಲ್ಲ" ಎಂದು ಕಳಿಸಿದರು. ಅದು ನೆಪವೆಂದುಕೊಂಡೆ. ಕಾಯಿಲೆಯ ವಿಷಯ ಅವರು ನನಗೂ ಹೇಳಿರಲಿಲ್ಲ.

ತಿರುವನಂತಪುರದಲ್ಲಿ ಅವರ ತಂಗಿಯ ಮಗಳಿದ್ದಾಳೆ, ಐಟಿ ಪಾರ್ಕಿನಲ್ಲಿ ಕೆಲಸ. ಚಿಕಿತ್ಸೆಗೆ ಅಲ್ಲಿಗೇ ಹೋದರು. ನಾವು ಕಡತ ಹಿಡಿದು ಓಡಾಡಿದ ಅದೇ ರೈಲಿನಲ್ಲಿ ನಾನು ಅವರನ್ನು ನೋಡಲು ಹೋಗತೊಡಗಿದೆ. ಊರು ಗುಡ್ಡಗಳ ಮೇಲಿದೆ, ಆ ಆಸ್ಪತ್ರೆಯ ವಾರ್ಡು ಇನ್ನೂ ಎತ್ತರದಲ್ಲಿ. ನಾನು ಕೂತಿದ್ದಾಗ ಅವರು ಮಂಚದ ಪಕ್ಕದ ಗೋಡೆಯನ್ನು ಬೆರಳಿಂದ ಸವರಿ ನಾಲಿಗೆಗೆ ಹಚ್ಚಿಕೊಂಡರು.

"ಉಪ್ಪು" ಎಂದರು.

"ದೊಡ್ಡಮ್ಮ ದಿನಾ ಹೀಗೇ ಮಾಡುತ್ತಾರೆ ಅಂಕಲ್" ಎಂದು ಹುಡುಗಿ ಮಲಯಾಳದಲ್ಲಿ ಹೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. "ಇಲ್ಲಿ ಗೋಡೆ ಒಣಗಿಯೇ ಇದೆ. ನಾನು ನೋಡಿದೆ." ಹೇಗೆ ನೋಡಿದಳು ಎಂದು ನಾನು ಕೇಳಲಿಲ್ಲ.

ಡಾಕ್ಟರು ಒಳ್ಳೆಯವರು, ಮರೆಮಾಚದೆ ಮಾತಾಡುವವರು. ಅವರು ಬಂದು ಹೋದ ಮೇಲೆ ಇವರು ನನ್ನ ಕಡೆ ತಿರುಗಿದರು. "ಎಷ್ಟು ಸರಿಯಾಗಿ ಹೇಳ್ತಾರೆ ನೋಡಿ ಸಾರ್. ನಿಮ್ಮ ಸೆಕ್ಷನ್ನಿನಲ್ಲಿ ಇರಬೇಕಿತ್ತು." ಆಮೇಲೆ ಅಂದರು, "ನನಗೆ ಆ ಇನ್ನೊಬ್ಬ ಚಿಕ್ಕ ಡಾಕ್ಟರ್ ಇಷ್ಟ. ಅವ ಎಲ್ಲ ಸರಿಯಾಗ್ತದೆ ಅಂತಾನೆ. ಸುಳ್ಳು ಅಂತ ಗೊತ್ತುಂಟು. ಆದ್ರೂ ಅವ ಬರುದನ್ನೇ ಕಾಯ್ತೇನೆ."

ನಾನು ಹೊರಡಲು ಎದ್ದಾಗ ಕೈ ಹಿಡಿದರು. ಮೂವತ್ತು ಚಿಲ್ಲರೆ ವರ್ಷಗಳ ಪರಿಚಯದಲ್ಲಿ ಅದೊಂದೇ ಸಲ.

"ಬರುವ ವಾರ ಬರಬೇಡಿ. ಹುಣ್ಣಿಮೆ ಉಂಟು. ತೋಡಿನ ಬದಿಯಲ್ಲಿ ಆ ಬಲೆ ಹೆಣೆಯುವ ಅಪ್ಪಚ್ಚನ ಮನೆ ಬಾಕಿ. ಇಷ್ಟು ದಿನ ಬೇಡ ಅಂತಿದ್ರು, ಈಗ ಒಪ್ಪಿದ್ದಾರೆ. ನೀರು ಬರುವ ಮೊದಲು ಸಿಮೆಂಟು ಗಟ್ಟಿಯಾಗ್ಬೇಕು. ಹುಡುಗರು ನಾಳೆ ಅಂತಾರೆ, ನಾಡಿದ್ದು ಅಂತಾರೆ. ನೀವು ನಿಂತ್ರೆ ಆಗ್ತದೆ."

"ನಿಮ್ಮನ್ನು ನೋಡುವುದು ಬೇಡವೇ?"

"ನನ್ನನ್ನು ನೋಡಿ ಎಂತ ಮಾಡ್ತೀರಿ? ಅವರಿಗೆ ಎಂಬತ್ತಾರು."

ಅವರ ಕ್ರಮದಲ್ಲಿ ಈಗ ಯಾರು ಮೊದಲು ಎಂದು ನಾನು ಹೇಳಬಹುದಿತ್ತು. ಊರಿಗೆ ಮರಳಿ ಅಪ್ಪಚ್ಚನ ಮನೆಗೆ ಹೋದೆ.

ನನಗೆ ಕೆಲಸ ನಿಂತು ಮಾಡಿಸುವುದು ಗೊತ್ತು. ಬೆಳಿಗ್ಗೆ ಹುಡುಗರಿಗಿಂತ ಮೊದಲು ಅಲ್ಲಿರುತ್ತಿದ್ದೆ. ಕಲ್ಲುಚೂರು ಬಿತ್ತು, ಗುದ್ದಿದರು, ಸಿಮೆಂಟು ಹಾಕಿ ಮಟ್ಟ ಮಾಡುತ್ತಿದ್ದರು. ಅಪ್ಪಚ್ಚನ್ ಹೊರಗೆ ಸ್ಟೂಲಿನ ಮೇಲೆ ಕೂತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು. ಆಗ ತಿರುವನಂತಪುರದಿಂದ ಹುಡುಗಿಯ ಫೋನು ಬಂತು. ಮೊದಲ ಬಾರಿಗೆ ಅವಳು ಕನ್ನಡದಲ್ಲಿ ಮಾತಾಡಿದಳು. ಒಂದೇ ವಾಕ್ಯ. "ದೊಡ್ಡಮ್ಮ ಹೋದ್ರು."

ಹುಡುಗರು ನನ್ನ ಮುಖ ನೋಡಿ ಕರಣೆ ಕೆಳಗಿಟ್ಟರು. ಒಬ್ಬ ಟೋಪಿ ತೆಗೆದ. ಅಪ್ಪಚ್ಚನ್ ಬಲೆಯಿಂದ ಕಣ್ಣೆತ್ತಲಿಲ್ಲ. "ಸಾರೇ, ಅರ್ಧಕ್ಕೆ ಬಿಟ್ಟರೆ ಅದು ಒಡೆಯುತ್ತದೆ. ಪೂರ್ತಿ ಮಾಡಿಸಿ. ಆಮೇಲೆ ಅಳೋಣ."

ಪೂರ್ತಿ ಮಾಡಿಸಿದೆ. ಕೊನೆಯ ಮೂಲೆ ಮಟ್ಟವಾಗುವವರೆಗೂ ನಿಂತಿದ್ದೆ. ಸಂಜೆಯ ರೈಲು ಹಿಡಿದೆ.

ಹುಣ್ಣಿಮೆಯ ಬೆಳಿಗ್ಗೆ ನಾನು ವಾಪಸಾಗಿ ಆ ಮನೆಗೆ ಹೋದಾಗ ನೀರು ಏರುತ್ತಿತ್ತು. ತೋಡು ತುಂಬಿ, ಅಂಗಳ ತುಂಬಿ, ಮೆಟ್ಟಿಲಿಗೆ ಬಂತು. ಆಕಾಶ ನೀಲಿಯಾಗಿತ್ತು. ನಾನು ತಲೆ ಬಗ್ಗಿಸಿ ಒಳಗೆ ಹೋದೆ. ಅಪ್ಪಚ್ಚನ್ ಮಂಚದ ಮೇಲೆ ಕಾಲು ಮಡಚಿ ಕೂತು ಬಾಗಿಲ ಕಡೆಯೇ ನೋಡುತ್ತಿದ್ದರು. ನಾನೂ ಅವರ ಪಕ್ಕದಲ್ಲಿ ಕೂತೆ. ಇಬ್ಬರು ಮುದುಕರು. ನೀರು ಹೊಸ್ತಿಲ ಅಂಚನ್ನು ಮುಟ್ಟಿತು. ಅಲ್ಲಿ ಬಹಳ ಹೊತ್ತು ನಿಂತಿತು, ಒಳಗೆ ಯಾರಿದ್ದಾರೆ ಎಂದು ಕೇಳುವವರ ಹಾಗೆ. ಆಮೇಲೆ ಒಂದು ಗೆರೆಯಷ್ಟು ಇಳಿಯಿತು.

ಅಪ್ಪಚ್ಚನ್ ಒಂದು ಕಾಲನ್ನು ಕೆಳಗಿಟ್ಟರು. ಅಂಗಾಲಿನಿಂದ ನೆಲವನ್ನು ಅತ್ತ ಇತ್ತ ಸವರಿ ನೋಡಿದರು. ಆಮೇಲೆ ಇನ್ನೊಂದನ್ನು ಇಟ್ಟರು.